ಗಾಳಿಗೆ ಎದುರಾಗಿ ನಲವತ್ತೈದು ನಿಮಿಷ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳುತ್ತ ಬೆಳೆದವನು ನಾನು. ಕಣದಲ್ಲಿ ರಾಶಿ ತೂರುವವನಿಗೆ ಗಾಳಿ ಒಂದು ವರವೇ ಸರಿ. ಆದರೆ ಗಾಳಿ ಮುಖಕ್ಕೇ ಬೀಸುತ್ತಿರುವಾಗಲೂ ಕಣ ಬಿಟ್ಟು ಹೋಗಲಾರದವನು ಏನು ಮಾಡಬೇಕು ಎಂಬುದನ್ನು ಆ ಗಾದೆ ಹೇಳುವುದಿಲ್ಲ. ಈ ಪ್ರಶ್ನೆ ನನ್ನಲ್ಲಿ ಮೊದಲು ಹುಟ್ಟಿದ್ದು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಆರ್ಬ್ರೋತ್ ಎಂಬ ಊರಿನ ಫುಟ್‌ಬಾಲ್ ಮೈದಾನದಲ್ಲಿ, ಚಳಿಗಾಲದ ಒಂದು ಶನಿವಾರ ಮಧ್ಯಾಹ್ನ.

ಆಗ ನಾನು ಓದಿನ ನಿಮಿತ್ತ ಡಂಡೀ ನಗರದಲ್ಲಿದ್ದೆ. ಅಲ್ಲಿಂದ ಆರ್ಬ್ರೋತ್‌ಗೆ ಕಡಲ ಅಂಚು ಹಿಡಿದು ಸಾಗುವ ರೈಲಿನಲ್ಲಿ ಅರ್ಧ ಗಂಟೆಯೂ ಬೇಕಾಗುವುದಿಲ್ಲ. ಹೊರಟಾಗ ನನ್ನ ತಲೆಯಲ್ಲಿದ್ದುದು ಆ ಊರಿನ ತಂಡ ಹಿಂದೊಮ್ಮೆ ಗೆದ್ದ ಪಂದ್ಯದ 36–0 ಎಂಬ ಒಂದು ಅಂಕಿ ಮಾತ್ರ. ಶಾಲೆಯ ದಿನಗಳಲ್ಲಿ ಯಾವುದೋ ದಾಖಲೆಗಳ ಪುಸ್ತಕದಲ್ಲಿ ಓದಿ ಬೆರಗಾಗಿದ್ದ ಆ ಅಂಕಿ ಹುಟ್ಟಿದ ಸ್ಥಳವನ್ನು ಕಣ್ಣಾರೆ ನೋಡಿ ಬರೋಣ ಎಂಬ ಸರಳ ಆಸೆಯಿಂದ ಹೋದೆ. ಗೇಫೀಲ್ಡ್ ಮೈದಾನದ ಒಂದು ಬದಿಯ ಗೋಡೆಯ ಆಚೆಗೆ ರಸ್ತೆಯಿಲ್ಲ, ಮನೆಯಿಲ್ಲ. ಉತ್ತರ ಸಮುದ್ರವೇ ಇದೆ. ಬಿರುಗಾಳಿಯ ದಿನಗಳಲ್ಲಿ ಅಲೆಗಳು ಗೋಡೆ ದಾಟಿ ಒಳಗೆ ಸಿಡಿಯುತ್ತವೆ. ಯೂರೋಪಿನಲ್ಲಿ ಕಡಲಿಗೆ ಇದಕ್ಕಿಂತ ಹತ್ತಿರವಾದ ಲೀಗ್ ಮೈದಾನ ಇನ್ನೊಂದಿಲ್ಲ ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ನಾನು ಹೋದ ದಿನ ಗೋಲ್‌ಕೀಪರ್ ಎತ್ತರಕ್ಕೆ ಒದ್ದ ಚೆಂಡು ಮಧ್ಯಗೆರೆಯನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ನಿಂತು, ಯೋಚಿಸಿ, ಅವನ ಕಡೆಗೇ ಮರಳಿ ಬರುತ್ತಿತ್ತು.

ಮಧ್ಯಂತರದ ಸೀಟಿ ಕೇಳಿದ ಕೂಡಲೇ ಗೋಲಿನ ಹಿಂದೆ ನಿಂತಿದ್ದ ಜನ ಮೈದಾನದ ಇನ್ನೊಂದು ತುದಿಗೆ ನಡೆಯತೊಡಗಿದರು. ಎರಡನೆಯ ಅವಧಿಯಲ್ಲಿ ತಂಡಗಳು ಬದಿ ಬದಲಿಸುತ್ತವಲ್ಲ, ತಮ್ಮ ತಂಡ ದಾಳಿ ಮಾಡುವ ಗೋಲಿನ ಹಿಂದೆಯೇ ನಿಲ್ಲಬೇಕೆಂದು ಪ್ರೇಕ್ಷಕರೂ ಬದಿ ಬದಲಿಸುತ್ತಾರೆ. ಕೈಯಲ್ಲಿ ಬೋವ್ರಿಲ್ ಎಂಬ ಬಿಸಿ ಮಾಂಸದ ಸಾರಿನ ಲೋಟ ಹಿಡಿದಿದ್ದ ಒಬ್ಬ ಹಿರಿಯರು, ನಿಂತೇ ಇದ್ದ ನನ್ನನ್ನು ಕಂಡು, ಬಾರಪ್ಪ, ಇನ್ನು ಆಟ ಆ ಕಡೆ ಎಂಬರ್ಥದಲ್ಲಿ ತಲೆಯಾಡಿಸಿ ಕರೆದರು. ಅವರ ಜೊತೆ ನಡೆಯುತ್ತ ಕೇಳಿದ ಮಾತುಗಳಿಂದ ಈ ಕ್ಲಬ್ಬಿನ ಚರಿತ್ರೆಯಲ್ಲಿ ನನ್ನ ಆಸಕ್ತಿ ಮೊಳೆಯಿತು. ಅಚ್ಚರಿಯೆಂದರೆ ಅವರು 36–0ರ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಹೇಳಿದ್ದೆಲ್ಲ ಅವರು ಕಣ್ಣಾರೆ ಕಂಡ ಸೋಲುಗಳನ್ನೂ ಎರಡನೆಯ ಸ್ಥಾನಗಳನ್ನೂ ಕುರಿತು.

ಊರು ದೊಡ್ಡದಲ್ಲ, ಜನಸಂಖ್ಯೆ ಇಪ್ಪತ್ತನಾಲ್ಕು ಸಾವಿರದ ಆಸುಪಾಸು. ಆದರೆ ಚರಿತ್ರೆ ಹಳೆಯದು. 1178ರಲ್ಲಿ ದೊರೆ ವಿಲಿಯಂ ಕಟ್ಟಿಸಿದ ಕೆಂಪು ಕಲ್ಲಿನ ಮಠ ಪಾಳುಬಿದ್ದಿದ್ದರೂ ಇಂದಿಗೂ ಊರಿನ ನಡುವೆ ಎದ್ದು ಕಾಣುತ್ತದೆ. ಸ್ಕಾಟ್ಲೆಂಡಿನ ಸ್ವಾತಂತ್ರ್ಯವನ್ನು ಸಾರಿ 1320ರಲ್ಲಿ ಪೋಪರಿಗೆ ಬರೆದ ಪತ್ರಕ್ಕೆ ಈ ಊರಿನ ಹೆಸರೇ ಅಂಟಿಕೊಂಡಿದೆ. ಆ ಮಠದ ಗೋಡೆಯ ಎತ್ತರದಲ್ಲಿರುವ ದುಂಡು ಕಿಟಕಿಯಲ್ಲಿ ಹಿಂದೆ ದೀಪ ಉರಿಸಿ ಕಡಲಿನಲ್ಲಿರುವವರಿಗೆ ದಾರಿ ತೋರಿಸುತ್ತಿದ್ದರಂತೆ. ಕರೆಯಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ, ಭರತದ ವೇಳೆ ನೀರಿನಲ್ಲಿ ಮುಳುಗುವ ಬಂಡೆಯ ಮೇಲೆ ಕಟ್ಟಿದ ಬೆಲ್ ರಾಕ್ ದೀಪಸ್ತಂಭ 1811ರಿಂದ ಬೆಳಗುತ್ತಿದೆ. ಬಂದರಿಗೆ ಮರಳುವ ಮೀನುಗಾರರಿಗೆ ಗುರುತಾಗಿದ್ದ ಕೆಂಪು ದೀಪದಿಂದಲೇ ಊರಿನವರಿಗೂ ಅವರ ಫುಟ್‌ಬಾಲ್ ತಂಡಕ್ಕೂ ‘ರೆಡ್ ಲಿಖ್ಟೀಸ್’, ಎಂದರೆ ಕೆಂಪು ದೀಪದವರು, ಎಂಬ ಅಡ್ಡಹೆಸರು ಬಂತು. ತಂಡದ ಅಂಗಿಯ ಬಣ್ಣವೂ ಕಡುಗೆಂಪು. ಇಲ್ಲಿನ ಹೊಗೆಯಲ್ಲಿ ಬೇಯಿಸಿದ ಹ್ಯಾಡಕ್ ಮೀನಿನ ಹೆಸರು ಫುಟ್‌ಬಾಲ್ ತಿಳಿಯದವರಿಗೂ ಗೊತ್ತು. ಆದರೆ ಹೆಚ್ಚು ಜನರಿಗೆ ತಿಳಿಯದ ಇನ್ನೊಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು: 1840ರ ದಶಕದಲ್ಲಿ ಅಲೆಕ್ಸಾಂಡರ್ ಷಾಂಕ್ಸ್ ಎಂಬವರು ಕುದುರೆ ಎಳೆಯುವ ಹುಲ್ಲು ಕತ್ತರಿಸುವ ಯಂತ್ರವನ್ನು ರೂಪಿಸಿದ್ದು ಇದೇ ಊರಿನಲ್ಲಿ. ಸಮನಾಗಿ ಕತ್ತರಿಸಿದ ಹುಲ್ಲುಹಾಸು ಇಲ್ಲದೆ ಇಂದಿನ ಫುಟ್‌ಬಾಲ್ ಮೈದಾನವನ್ನು ಊಹಿಸಿಕೊಳ್ಳುವುದೇ ಕಷ್ಟ.

ಕ್ಲಬ್ಬು ಆರಂಭವಾದದ್ದು 1878ರಲ್ಲಿ. ಎರಡು ವರ್ಷಗಳ ನಂತರ ಅದಕ್ಕೆ ಕಡಲದಂಡೆಯ ಗೇಫೀಲ್ಡ್ ದೊರಕಿತು. ಆಗ ಸ್ಕಾಟ್ಲೆಂಡಿನಲ್ಲಿ ಲೀಗ್ ಎಂಬುದೇ ಇರಲಿಲ್ಲ. ಅದು ಬಂದದ್ದು 1890ರಲ್ಲಿ. ಅಲ್ಲಿಯವರೆಗೆ ದೊಡ್ಡ ಸ್ಪರ್ಧೆಯೆಂದರೆ 1873ರಲ್ಲಿ ಶುರುವಾದ ಸ್ಕಾಟಿಷ್ ಕಪ್. ಅದರ ಮೊದಲ ಸುತ್ತಿನಲ್ಲಿ ಪಳಗಿದ ತಂಡಗಳೂ ನಿನ್ನೆ ಮೊನ್ನೆ ಕೂಡಿಕೊಂಡ ಹುಡುಗರ ತಂಡಗಳೂ ಒಂದೇ ಚೀಟಿಯಲ್ಲಿ ಎದುರುಬದುರಾಗುತ್ತಿದ್ದವು. 36–0 ಎಂಬ ಅಂಕಿ ಸಾಧ್ಯವಾದದ್ದು ಈ ಕಾರಣಕ್ಕೆ.

1885ರ ಸೆಪ್ಟೆಂಬರ್ 12, ಶನಿವಾರ, ಮಳೆಯ ದಿನ. ಎದುರಾಳಿ ಅಬರ್ಡೀನ್ ನಗರದ ಬಾನ್ ಅಕಾರ್ಡ್ ತಂಡ. ಮಧ್ಯಂತರದ ಹೊತ್ತಿಗೆ ಹದಿನೈದು ಗೋಲುಗಳಾಗಿದ್ದವು. ಎರಡನೆಯ ಅವಧಿಯಲ್ಲಿ ಇನ್ನೂ ಇಪ್ಪತ್ತೊಂದು. ಹದಿನೆಂಟು ವರ್ಷದ ಜಾಕಿ ಪೆಟ್ರಿ ಒಬ್ಬನೇ ಹದಿಮೂರು ಗೋಲು ಹೊಡೆದ. ಬ್ರಿಟನ್ನಿನ ಸೀನಿಯರ್ ಫುಟ್‌ಬಾಲಿನಲ್ಲಿ ಒಂದೇ ಪಂದ್ಯದ ಈ ವೈಯಕ್ತಿಕ ದಾಖಲೆಯನ್ನು ಯಾರೂ ಮುರಿದಿಲ್ಲ. ರೆಫರಿ ಆಫ್‌ಸೈಡ್ ಎಂದು ತಳ್ಳಿಹಾಕಿದ ಗೋಲುಗಳು ಈ ಲೆಕ್ಕಕ್ಕೆ ಸೇರಿಲ್ಲ. ಗೋಲಿಗೆ ಆಗ ಬಲೆ ಇರಲಿಲ್ಲವಾದ್ದರಿಂದ ಪ್ರತಿ ಗೋಲಿನ ನಂತರವೂ ಯಾರಾದರೂ ಹೋಗಿ ಚೆಂಡನ್ನು ಹೆಕ್ಕಿ ತರಬೇಕಾಗಿತ್ತು. ಆರ್ಬ್ರೋತಿನ ಗೋಲ್‌ಕೀಪರ್ ಜಿಮ್ ಮಿಲ್ನ್ ಇಡೀ ಪಂದ್ಯದಲ್ಲಿ ಚೆಂಡನ್ನು ಕೈಯಿಂದಲೂ ಮುಟ್ಟಲಿಲ್ಲ, ಕಾಲಿನಿಂದಲೂ ಮುಟ್ಟಲಿಲ್ಲ. ಪ್ರೇಕ್ಷಕರೊಬ್ಬರ ಕೊಡೆಯ ಆಶ್ರಯದಲ್ಲಿ ನಿಂತಿದ್ದ.

ಅದೇ ದಿನ, ಅದೇ ಸುತ್ತಿನಲ್ಲಿ, ಇಪ್ಪತ್ತೇಳು ಕಿಲೋಮೀಟರ್ ಆಚೆಗಿನ ಡಂಡೀಯಲ್ಲಿ ಡಂಡೀ ಹಾರ್ಪ್ ತಂಡ ಅಬರ್ಡೀನ್ ರೋವರ್ಸ್ ತಂಡವನ್ನು 35–0ರಿಂದ ಸೋಲಿಸಿತು. ಅಲ್ಲಿ ರೆಫರಿಯ ಎಣಿಕೆಯಲ್ಲಿ ಮೂವತ್ತೇಳು ಗೋಲುಗಳಿದ್ದವೆಂದೂ, ಗೆದ್ದ ತಂಡದ ಕಾರ್ಯದರ್ಶಿಯೇ ಪ್ರಾಮಾಣಿಕವಾಗಿ ಇಲ್ಲ, ಮೂವತ್ತೈದೇ ಎಂದು ತಿದ್ದಿದನೆಂದೂ ಒಂದು ಕಥೆಯಿದೆ. ಕಥೆ ನಿಜವಾಗಿದ್ದರೆ, ಒಂದು ದಾಖಲೆ ಒಂದೂರಿನಿಂದ ಇನ್ನೊಂದೂರಿಗೆ ಹೋದದ್ದು ಒಬ್ಬ ಮನುಷ್ಯನ ಸತ್ಯಸಂಧತೆಯಿಂದ. ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ.

ಬಾನ್ ಅಕಾರ್ಡ್ ಬಗ್ಗೆಯೂ ಕಥೆಗಳಿವೆ. ಆಹ್ವಾನ ತಪ್ಪಿ ಒಂದು ಕ್ರಿಕೆಟ್ ಸಂಘದ ಕೈಗೆ ಸಿಕ್ಕಿತು, ಫುಟ್‌ಬಾಲ್ ಎಂದರೇನೆಂದೇ ತಿಳಿಯದ ಹನ್ನೊಂದು ಜನ ಬಂದು ನಿಂತರು ಎಂಬುದು ಅವುಗಳಲ್ಲಿ ಹೆಚ್ಚು ಪ್ರಸಿದ್ಧ. ನಾನು ಅದನ್ನು ನಂಬುವುದಿಲ್ಲ. ನಂಬಲು ಮನಸ್ಸೂ ಇಲ್ಲ. ಸೋತವರನ್ನು ವಿದೂಷಕರನ್ನಾಗಿ ಮಾಡಿದರೆ ಕಥೆ ರಂಜಕವಾಗುತ್ತದೆ ನಿಜ. ಆದರೆ ಎರಡೂವರೆ ನಿಮಿಷಕ್ಕೊಂದರಂತೆ ಗೋಲು ತಿಂದ ಹನ್ನೊಂದು ಹುಡುಗರು ಪ್ರತಿ ಸಲವೂ ಮಳೆಯಲ್ಲಿ ಮಧ್ಯದ ಗೆರೆಗೆ ನಡೆದು ಬಂದು, ಚೆಂಡನ್ನಿಟ್ಟು, ಮತ್ತೆ ಆಟ ಶುರುಮಾಡಿದರು. ಹಾಗೆ ಅವರು ಮೂವತ್ತಾರು ಸಲ ನಡೆದಿದ್ದಾರೆ. ಪಂದ್ಯ ಬಿಟ್ಟು ಹೋಗಬಹುದಾಗಿತ್ತು; ಹೋಗಲಿಲ್ಲ. ದಾಖಲೆಯ ಅರ್ಧ ಭಾಗ ಅವರದ್ದೇ ಎಂದು ನನಗೆ ಅನ್ನಿಸುತ್ತದೆ.

ಇದಕ್ಕೆ ಕೆಲವೇ ತಿಂಗಳುಗಳ ಹಿಂದೆ, ಹಿಂದಿನ ಋತುವಿನ ಕಪ್ಪಿನಲ್ಲಿ, ಆರ್ಬ್ರೋತ್ ಇನ್ನೂ ದೊಡ್ಡ ಕೆಲಸವೊಂದನ್ನು ಮಾಡಿತ್ತು. ಗ್ಲಾಸ್ಗೋದ ರೇಂಜರ್ಸ್ ತಂಡವನ್ನು ತನ್ನ ಮೈದಾನದಲ್ಲಿ 4–3ರಿಂದ ಸೋಲಿಸಿತ್ತು. ಮನೆಯ ಹಿತ್ತಿಲಿನಲ್ಲಿ ಸೋತೆವು ಎಂದು ರೇಂಜರ್ಸ್‌ನವರು ಊರಿಗೆ ತಂತಿ ಕಳಿಸಿದರೆಂಬ ಮಾತಿದೆ. ಬರಿಯ ಮಾತಿಗೆ ನಿಲ್ಲದೆ ಅವರು ಅಳತೆಪಟ್ಟಿಯನ್ನೂ ತರಿಸಿದರು. ಮೈದಾನದ ಅಗಲ ಕನಿಷ್ಠ 50 ಗಜ ಇರಬೇಕಾದಲ್ಲಿ 11 ಅಂಗುಲ ಕಡಿಮೆಯಿತ್ತು. ಪಂದ್ಯವನ್ನು ಮತ್ತೆ ಆಡಿಸಲಾಯಿತು, ರೇಂಜರ್ಸ್ 8–1ರಿಂದ ಗೆದ್ದಿತು. ಹನ್ನೊಂದು ಅಂಗುಲ ಎಂದರೆ ಒಂದು ಗೇಣಿಗಿಂತ ಎರಡು ಬೆರಳು ಹೆಚ್ಚು. ನಿಯಮದ ಪ್ರಕಾರ ತೀರ್ಪು ಸರಿಯೇ. ಆದರೂ ಈ ಪುಟವನ್ನು ಓದಿದಾಗಲೆಲ್ಲ ನನ್ನ ಮನಸ್ಸು ಊರಿನವರ ಪರವೇ ನಿಲ್ಲುತ್ತದೆ.

ಆ ದಿನಗಳ ಆರ್ಬ್ರೋತಿನಲ್ಲಿ ನೆಡ್ ಡೋಯ್ಗ್ ಎಂಬ ಗೋಲ್‌ಕೀಪರ್ ಬೆಳೆಯುತ್ತಿದ್ದ. ಹತ್ತಿರದ ಲೆಥಮ್ ಹಳ್ಳಿಯಲ್ಲಿ 1866ರಲ್ಲಿ ಹುಟ್ಟಿದ ಈತ 1887ರಲ್ಲಿ ಆರ್ಬ್ರೋತಿನ ಆಟಗಾರನಾಗಿಯೇ ಸ್ಕಾಟ್ಲೆಂಡ್ ತಂಡಕ್ಕೆ ಆಡಿದ. ಆದರೆ ಅವನನ್ನು ಜಗತ್ತು ನೆನೆಯುವುದು ಸಂಡರ್‌ಲೆಂಡ್ ಆಟಗಾರನೆಂದು. ಅಲ್ಲಿ ಅವನು ನಾಲ್ಕು ಸಲ ಇಂಗ್ಲೆಂಡಿನ ಲೀಗ್ ಗೆದ್ದ. ಇಂಗ್ಲೆಂಡ್ 1885ರಲ್ಲಿಯೇ ಆಟಗಾರರಿಗೆ ಸಂಬಳ ಕೊಡುವುದನ್ನು ಒಪ್ಪಿಕೊಂಡಿತ್ತು. ಸ್ಕಾಟ್ಲೆಂಡ್ ಒಪ್ಪಿದ್ದು 1893ರಲ್ಲಿ. ಆ ಎಂಟು ವರ್ಷಗಳ ಅಂತರದಲ್ಲಿ ಸ್ಕಾಟ್ಲೆಂಡಿನ ಸಣ್ಣ ಊರುಗಳ ಪ್ರತಿಭೆ ದಕ್ಷಿಣಕ್ಕೆ ಹರಿದುಹೋಯಿತು, ಮತ್ತು ಒಮ್ಮೆ ಕೊರೆದ ಆ ಕಾಲುವೆ ಮುಂದೆ ಎಂದೂ ಮುಚ್ಚಲಿಲ್ಲ.

ಆರ್ಬ್ರೋತ್ ರಾಷ್ಟ್ರೀಯ ಲೀಗಿಗೆ ಸೇರಿದ್ದು 1921ರಲ್ಲಿ, ಎರಡನೆಯ ವಿಭಾಗ ಮತ್ತೆ ಆರಂಭವಾದಾಗ. ಅಂದು ಆ ವಿಭಾಗದಲ್ಲಿ ಆಡಿದ ಇಪ್ಪತ್ತು ತಂಡಗಳ ಪಟ್ಟಿಯನ್ನು ನಾನು ಆಗಾಗ ತೆರೆದು ನೋಡುತ್ತೇನೆ. ಆರ್ಮಡೇಲ್, ಬಾತ್‌ಗೇಟ್, ಬೋನೆಸ್, ಬ್ರಾಕ್ಸ್‌ಬರ್ನ್, ಕ್ಲಾಕ್‌ಮನ್ನನ್, ಲಾಚ್‌ಗೆಲಿ, ಜಾನ್‌ಸ್ಟನ್: ಇವೆಲ್ಲ ಗಣಿಯ, ಗಿರಣಿಯ, ಕಬ್ಬಿಣದ ಕೆಲಸದ ಊರುಗಳ ತಂಡಗಳು. 1930ರ ದಶಕದ ಆರ್ಥಿಕ ಕುಸಿತದ ಹೊತ್ತಿಗೆ ಇವು ಒಂದೊಂದಾಗಿ ಲೀಗಿನಿಂದ ಕಳಚಿಕೊಂಡವು. ಆರ್ಮಡೇಲ್ ಮತ್ತು ಬೋನೆಸ್ ತಂಡಗಳನ್ನು 1932ರಲ್ಲಿ ಋತುವಿನ ನಡುವೆಯೇ ಹೊರಹಾಕಿದ್ದು ಬಂದ ತಂಡಕ್ಕೆ ಕೊಡಬೇಕಾದ ಖಾತರಿ ಹಣವನ್ನು ಕೊಡಲಾಗಲಿಲ್ಲವೆಂಬ ಕಾರಣಕ್ಕೆ. ಕೆಲಸ ಹೋದ ಊರಿನಲ್ಲಿ ಟಿಕೆಟ್ ಕೊಳ್ಳುವವರು ಯಾರು? ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಆರ್ಬ್ರೋತ್ ಇಂದೂ ಲೀಗಿನಲ್ಲಿ ಉಳಿದಿರುವುದೇ ಒಂದು ಘಟನೆಯಾಗಿ ಕಾಣುತ್ತದೆ. 1925ರಲ್ಲಿ ಮೈದಾನವನ್ನು ಹಳೆಯ ಜಾಗದಿಂದ ತುಸು ಸರಿಸಿ ಈಗಿರುವ ಗೇಫೀಲ್ಡನ್ನು ರೂಪಿಸಿಕೊಂಡ ಕ್ಲಬ್ಬು, ಕಡಲನ್ನು ಮಾತ್ರ ಬಿಡಲಿಲ್ಲ.

ಇನ್ನು ಆ ಹಿರಿಯರು ಹೇಳಿದ ಎರಡನೆಯ ಸ್ಥಾನಗಳ ವಿಷಯ. ಆರ್ಬ್ರೋತ್ ನಾಲ್ಕು ಸಲ ದೇಶದ ಅತ್ಯುನ್ನತ ವಿಭಾಗಕ್ಕೆ ಏರಿದೆ, ನಾಲ್ಕು ಸಲವೂ ಎರಡನೆಯ ಸ್ಥಾನ ಪಡೆದೇ ಏರಿದೆ. 1935ರಲ್ಲಿ ಥರ್ಡ್ ಲನಾರ್ಕ್ ಮೊದಲಿತ್ತು, 1959ರಲ್ಲಿ ಏರ್ ಯುನೈಟೆಡ್, 1968ರಲ್ಲಿ ಸೇಂಟ್ ಮಿರೆನ್, 1972ರಲ್ಲಿ ಡಂಬಾರ್ಟನ್. ಮೊದಲ ಎರಡು ಸ್ಥಾನದವರು ನೇರವಾಗಿ ಮೇಲೇರುವ ಪದ್ಧತಿ ಆಗ ಇದ್ದುದರಿಂದ ಎರಡನೆಯ ಸ್ಥಾನವೇ ಸಾಕಾಗಿತ್ತು. ಹಾಗೆ ಏರಿದ ಮೊದಲ ಸಲ ಅವರು ಅಲ್ಲಿ ನಾಲ್ಕು ಋತುಗಳ ಕಾಲ ನಿಂತರು. ಆಟದಲ್ಲಿ ಸೋತು ಅವರು ಕೆಳಗಿಳಿಯಲಿಲ್ಲ. 1939ರಲ್ಲಿ ಮಹಾಯುದ್ಧ ಬಂದು ಲೀಗೇ ನಿಂತಿತು, 1946ರಲ್ಲಿ ಮತ್ತೆ ಶುರುವಾದಾಗ ಅವರನ್ನು ಕೆಳಗಿನ ವಿಭಾಗದಲ್ಲಿ ಇರಿಸಲಾಗಿತ್ತು. 1952ರ ಫೆಬ್ರುವರಿಯಲ್ಲಿ ಕಪ್ ಪಂದ್ಯಕ್ಕೆಂದು ರೇಂಜರ್ಸ್ ಬಂದಾಗ ಗೇಫೀಲ್ಡಿನಲ್ಲಿ 13,510 ಜನ ಸೇರಿದ್ದರು. ಈಗಿನ ಊರಿನ ಅರ್ಧಕ್ಕಿಂತಲೂ ಹೆಚ್ಚು ಜನ ಆ ಒಂದು ಮೈದಾನದೊಳಗೆ!

1968 ಮತ್ತು 1972ರ ಏರಿಕೆಗಳೆರಡೂ ಆಲ್ಬರ್ಟ್ ಹೆಂಡರ್ಸನ್ ಎಂಬ ಒಬ್ಬನೇ ಮ್ಯಾನೇಜರ್ ಕಾಲದವು. 1962ರಿಂದ 1980ರವರೆಗೆ, ಹದಿನೆಂಟು ವರ್ಷ, ಆತ ತಂಡವನ್ನು ನೋಡಿಕೊಂಡ. ಸೋತ ಮೂರು ವಾರಕ್ಕೆ ಮ್ಯಾನೇಜರನ್ನು ಕಳಿಸುವ ಈ ಕಾಲದಲ್ಲಿ ಹದಿನೆಂಟು ವರ್ಷ ಎಂಬುದು ಒಂದು ಸಂಸಾರದ ಲೆಕ್ಕದಂತೆ ಕೇಳಿಸುತ್ತದೆ. 1974ರ ಫೆಬ್ರುವರಿ 2ರಂದು ಅವನ ತಂಡ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನಕ್ಕೇ ಹೋಗಿ ರೇಂಜರ್ಸ್ ತಂಡವನ್ನು 3–2ರಿಂದ ಸೋಲಿಸಿತು. ಹನ್ನೊಂದು ಅಂಗುಲದ ಕಥೆಗೆ ಎಂಬತ್ತೊಂಬತ್ತು ವರ್ಷಗಳ ನಂತರ ಸಿಕ್ಕ ಉತ್ತರ ಅದು ಎಂದು ನಾನು ಭಾವಿಸಿಕೊಂಡಿದ್ದೇನೆ. ಐಬ್ರಾಕ್ಸ್ ಅಗಲದ ಬಗ್ಗೆ ಯಾರೂ ತಕರಾರು ಎತ್ತುವಂತಿರಲಿಲ್ಲ.

ಮರುವರ್ಷವೇ ಬಾಗಿಲು ಮುಚ್ಚಿತು. 1975ರಲ್ಲಿ ಲೀಗನ್ನು ಪುನಾರಚಿಸಿ ಹದಿನೆಂಟು ತಂಡಗಳ ಮೇಲಿನ ವಿಭಾಗವನ್ನು ಹತ್ತಕ್ಕೆ ಇಳಿಸಿದರು. ಆರ್ಬ್ರೋತ್ ಆ ವರ್ಷ ಕೊನೆಯ ಸ್ಥಾನದಲ್ಲಿತ್ತು, ಹೇಗಿದ್ದರೂ ಇಳಿಯುತ್ತಿತ್ತು. ಆದರೆ ಇಳಿದ ನಂತರ ಮತ್ತೆ ಏರುವ ಮೆಟ್ಟಿಲು ಹಿಂದಿಗಿಂತ ಬಹಳ ಕಡಿದಾಯಿತು. ಅಂದಿನಿಂದ ಇಂದಿನವರೆಗೆ ಅವರು ಅಲ್ಲಿಗೆ ಮರಳಿಲ್ಲ. ನಂತರದ ಮೂರು ದಶಕಗಳನ್ನು ನಾನು ಇಲ್ಲಿ ವಿವರಿಸುವುದಿಲ್ಲ. ಒಂದು ಮೆಟ್ಟಿಲು ಮೇಲೆ, ಎರಡು ಮೆಟ್ಟಿಲು ಕೆಳಗೆ ಎಂಬಂತೆ ಅವು ಸಾಗಿದವು. ಒಂದು ವಿವರ ಮಾತ್ರ ಹೇಳಲೇಬೇಕು. ಜಗತ್ತಿಗೆಲ್ಲ ಗೊತ್ತಿರುವ ದಾಖಲೆಯನ್ನು 1885ರಲ್ಲಿ ಬರೆದ ಈ ಕ್ಲಬ್ಬು ಯಾವುದೇ ಲೀಗ್ ವಿಭಾಗದಲ್ಲಿ ಮೊದಲ ಸ್ಥಾನ ಪಡೆದದ್ದು 2011ರಲ್ಲಿ. ಅದು ನಾಲ್ಕನೆಯ, ಎಂದರೆ ಅತ್ಯಂತ ಕೆಳಗಿನ ವಿಭಾಗದ ಪ್ರಶಸ್ತಿ. ಅದಕ್ಕಾಗಿ ಊರು 133 ವರ್ಷ ಕಾದಿತ್ತು.

2016ರಲ್ಲಿ, ಮತ್ತೆ ಕೆಳಗಿನ ವಿಭಾಗದಲ್ಲಿದ್ದ ತಂಡಕ್ಕೆ ಡಿಕ್ ಕ್ಯಾಂಪ್‌ಬೆಲ್ ಮ್ಯಾನೇಜರ್ ಆಗಿ ಬಂದರು. ತಲೆಯ ಮೇಲೆ ಚಪ್ಪಟೆ ಟೋಪಿ, ಪಕ್ಕದಲ್ಲಿ ಸಹಾಯಕರಾಗಿ ಅವಳಿ ಸಹೋದರ ಇಯಾನ್. 2017ರಲ್ಲಿ ನಾಲ್ಕನೆಯ ವಿಭಾಗವನ್ನೂ 2019ರಲ್ಲಿ ಮೂರನೆಯ ವಿಭಾಗವನ್ನೂ ತಂಡ ಗೆದ್ದಿತು. ಆಟಗಾರರೆಲ್ಲ ಬೇರೆ ಕೆಲಸ ಮಾಡಿಕೊಂಡು ವಾರದಲ್ಲಿ ಎರಡು ಸಂಜೆ ಅಭ್ಯಾಸಕ್ಕೆ ಬರುವವರು. ವಿಂಗರ್ ಬಾಬಿ ಲಿನ್ ಕಸ ಸಂಗ್ರಹಿಸುವ ಕೆಲಸದಲ್ಲಿದ್ದರು. ಬೆಳಗಿನ ಜಾವ ಎದ್ದು ಬೀದಿಗಳ ಕಸದ ತೊಟ್ಟಿಗಳನ್ನು ಖಾಲಿ ಮಾಡಿ, ಶನಿವಾರ ಗೇಫೀಲ್ಡಿನ ಅಂಚಿನಲ್ಲಿ ಓಡುತ್ತಿದ್ದರು. ಊರಿನ ಜನ ಅವರನ್ನು ತಮ್ಮವರೆಂದು ಪ್ರೀತಿಸಿದ್ದು ಅವರ ಗೋಲುಗಳಿಗೆ ಮಾತ್ರವಲ್ಲ ಎಂದು ನನ್ನ ನಂಬಿಕೆ.

2021–22ರ ಋತು ಬಂತು. ಎರಡನೆಯ ವಿಭಾಗದ ಹತ್ತು ತಂಡಗಳಲ್ಲಿ ಪೂರ್ಣಾವಧಿ ಸಂಬಳದ ಆಟಗಾರರಿಲ್ಲದ ತಂಡ ಆರ್ಬ್ರೋತ್ ಒಂದೇ. ಆ ತಂಡ ಚಳಿಗಾಲವಿಡೀ ಪಟ್ಟಿಯ ಮೇಲ್ಭಾಗದಲ್ಲಿ ನಿಂತಿತು. 2022ರ ಏಪ್ರಿಲ್ 22ರ ರಾತ್ರಿ, ಪ್ರಶಸ್ತಿಯ ಹಣಾಹಣಿಗೆ ಕಿಲ್‌ಮಾರ್ನಕ್ ಊರಿಗೆ ಹೋದಾಗ ಮೊದಲು ಮುನ್ನಡೆ ಪಡೆದವರೂ ಅವರೇ. ಆ ಪಂದ್ಯವನ್ನು ನಾನು ನಡುರಾತ್ರಿ ದಾಟುವವರೆಗೆ ಎಚ್ಚರವಿದ್ದು ಮೊಬೈಲಿನಲ್ಲಿ ಹಿಂಬಾಲಿಸಿದೆ. ಕೊನೆಯ ಹಂತದಲ್ಲಿ ಕಿಲ್‌ಮಾರ್ನಕ್ ಎರಡು ಗೋಲು ಹೊಡೆದು 2–1ರಿಂದ ಗೆದ್ದಿತು. ಋತು ಮುಗಿದಾಗ ಕಿಲ್‌ಮಾರ್ನಕ್ 67 ಅಂಕ, ಆರ್ಬ್ರೋತ್ 65.

ಮತ್ತೆ ಎರಡನೆಯ ಸ್ಥಾನ. 1972ರಲ್ಲಾಗಿದ್ದರೆ ಆ ರಾತ್ರಿ ಊರು ಸಂಭ್ರಮಿಸುತ್ತಿತ್ತು. ಆದರೆ ನಿಯಮ ಬದಲಾಗಿತ್ತು. ಎರಡನೆಯವರು ಈಗ ಪ್ಲೇ-ಆಫ್ ಆಡಿ ಗೆಲ್ಲಬೇಕು. ಇನ್ವರ್ನೆಸ್ ಕ್ಯಾಲೆಡೋನಿಯನ್ ಥಿಸಲ್ ವಿರುದ್ಧದ ಎರಡು ಪಂದ್ಯಗಳೂ ಗೋಲಿಲ್ಲದೆ ಮುಗಿದವು. ಗೇಫೀಲ್ಡಿನಲ್ಲಿ ನಡೆದ ಎರಡನೆಯ ಪಂದ್ಯದಲ್ಲಿ ಇನ್ವರ್ನೆಸ್ ತಂಡದ ಇಬ್ಬರು ಕೆಂಪು ಕಾರ್ಡ್ ಕಂಡು ಹೊರಹೋದರು; ಉಳಿದ ಒಂಬತ್ತು ಮಂದಿಯ ಎದುರೂ ಆರ್ಬ್ರೋತ್ ಗೋಲು ಹೊಡೆಯಲಾರದೆ ಹೋಯಿತು. ಪೆನಾಲ್ಟಿಗಳಲ್ಲಿ ಸೋತರು. ಒಂದು ಕಾಲಕ್ಕೆ ಇದೇ ಊರಿನವರು ಹನ್ನೊಂದು ಜನರ ಎದುರು ಮೂವತ್ತಾರು ಗೋಲು ಹೊಡೆದಿದ್ದರು ಎಂಬುದು ನೆನಪಾಗಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಾನ್ ಅಕಾರ್ಡಿನ ಹುಡುಗರು ಮತ್ತೆ ಮತ್ತೆ ಮಧ್ಯದ ಗೆರೆಗೆ ನಡೆದು ಬರುವ ಚಿತ್ರವೂ ಅಂದೇ ಮೊದಲ ಬಾರಿಗೆ ನನ್ನ ಕಣ್ಣ ಮುಂದೆ ಬಂದದ್ದು.

ಅಂಥ ಋತುವಿನ ನಂತರ ಸಣ್ಣ ಕ್ಲಬ್ಬುಗಳಿಗೆ ಏನಾಗುತ್ತದೆ ಎಂಬುದು ಊಹಿಸಲು ಕಷ್ಟವಲ್ಲ. ದಣಿವು ಬರುತ್ತದೆ, ಆಟಗಾರರು ಬದಲಾಗುತ್ತಾರೆ. 2023ರ ನವೆಂಬರಿನಲ್ಲಿ ಕ್ಯಾಂಪ್‌ಬೆಲ್ ಹೊರಟುಹೋದರು, 2024ರಲ್ಲಿ ತಂಡ ಕೊನೆಯ ಸ್ಥಾನ ಪಡೆದು ಮೂರನೆಯ ವಿಭಾಗಕ್ಕೆ ಇಳಿಯಿತು. ಆಮೇಲೆ ಹೊಣೆ ಹೊತ್ತವರು ಕ್ಯಾಂಪ್‌ಬೆಲ್ ಕಾಲದಲ್ಲಿ ಆ ಅಂಗಿ ತೊಟ್ಟು ಆಡಿದ್ದ ಡೇವಿಡ್ ಗೋಲ್ಡ್ ಮತ್ತು ಕಾಲಿನ್ ಹ್ಯಾಮಿಲ್ಟನ್. 2025ರಲ್ಲಿ ಆ ಜೋಡಿಯ ತಂಡ ಮೂರನೆಯ ವಿಭಾಗವನ್ನು ಗೆದ್ದು ಒಂದೇ ವರ್ಷದಲ್ಲಿ ಮರಳಿ ಮೇಲೇರಿತು, ಅದೂ ಈ ಸಲ ಮೊದಲ ಸ್ಥಾನದಲ್ಲಿ.

ನಾನು ಊರಿಗೆ ಮರಳಿ ವರ್ಷಗಳಾದವು. ಅಲ್ಲಿ ಚಳಿಗಾಲದ ಶನಿವಾರ ಮಧ್ಯಾಹ್ನ ಮೂರಕ್ಕೆ ಆಟ ಶುರುವಾಗುವಾಗ ಇಲ್ಲಿ ರಾತ್ರಿ ಎಂಟೂವರೆ. ಮೊದಲು ಆರ್ಬ್ರೋತಿನ ಗಾಳಿ ಯಾವ ದಿಕ್ಕಿನಿಂದ, ಎಷ್ಟು ವೇಗದಲ್ಲಿ ಬೀಸುತ್ತಿದೆ ಎಂದು ನೋಡುತ್ತೇನೆ. ಗೋಲುಗಳ ಲೆಕ್ಕ ಆಮೇಲೆ. ಒಂಬತ್ತೂಕಾಲು ದಾಟುವ ಹೊತ್ತಿಗೆ ಅಡುಗೆಮನೆಯಿಂದ ಊಟಕ್ಕೆ ಕರೆ ಬಂದಿರುತ್ತದೆ. ಗೇಫೀಲ್ಡಿನಲ್ಲಿ ಆಗ ಜನ ಬಿಸಿ ಲೋಟಗಳನ್ನು ಹಿಡಿದುಕೊಂಡು, ಕಡಲ ಗೋಡೆಯ ಪಕ್ಕದಿಂದ, ಇನ್ನೊಂದು ತುದಿಗೆ ನಡೆಯುತ್ತಿರುತ್ತಾರೆ.